ಮೆದುಳು ಜ್ವರಕ್ಕೆ ಕರುಗಳ ಕಾವಲು

ಜಪಾನೀಸ್ ಎನ್‌ಸೆಫಲೈಟಿಸ್ (ಜೆಇ), ನಮ್ಮ ಮಾತಿನಲ್ಲಿ ಮೆದುಳು ಜ್ವರ, ಕೋಲಾರ ಸೀಮೆಗೆ 1970ರ ದಶಕದಿಂದಲೂ ಗೊತ್ತು. ವೈರಸ್ಸಿನ ನೆಲೆ ಬೆಳ್ಳಕ್ಕಿ, ಕೊಕ್ಕರೆಗಳು. ಅದು ಹೆಚ್ಚುವುದು ಹಂದಿಯಲ್ಲಿ. ಹೊತ್ತು ತರುವುದು ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ. ಈ ಸೊಳ್ಳೆಗೆ ಮನುಷ್ಯನಿಗಿಂತ ದನವೇ ಪ್ರಿಯ. ಹಾಗಾಗಿ ಸುಳಿವು ಆಸ್ಪತ್ರೆಗಿಂತ ಮೊದಲು ಕೊಟ್ಟಿಗೆಯಲ್ಲಿ ಸಿಗಬಹುದು.

ಊರಿನ ಒಂದು ಪ್ರಾಣಿಯ ರಕ್ತವನ್ನು ಆಗಾಗ ಪರೀಕ್ಷಿಸಿ, ವೈರಸ್ ಬಂದ ಸುಳಿವು ಹಿಡಿಯುವುದೇ ಈ ಕಾವಲು. ಅದಕ್ಕೆ ಮೊದಲ ಕೆಲಸ ಪ್ರಾಣಿಯ ಆಯ್ಕೆ. ಜಪಾನಿನಲ್ಲಿ ಕಸಾಯಿಖಾನೆಗೆ ಬರುವ ಹಂದಿಗಳ ರಕ್ತ ನೋಡುತ್ತಾರೆ. ಆದರೆ ಹಂದಿಯ ರಕ್ತದಲ್ಲಿ ವೈರಸ್ ಕೆಲವು ದಿನ ಹೇರಳವಾಗಿದ್ದು, ಕಚ್ಚಿದ ಸೊಳ್ಳೆಗಳಿಗೆ ದಾಟುತ್ತದೆ. ಕಾವಲಿಗೆಂದು ಹಂದಿಯನ್ನು ತಂದು ಮನೆಗಳ ನಡುವೆ ಕಟ್ಟುವುದು ಕತ್ತಲಲ್ಲಿ ಹುಲ್ಲಿನ ಬಣವೆ ಹುಡುಕಲು ಪಂಜು ಹಿಡಿದು ಹೋದಂತೆ. ದನದಲ್ಲಿ ವೈರಸ್ ಸೊಳ್ಳೆಗೆ ದಾಟುವಷ್ಟು ಏರುವುದಿಲ್ಲ, ಸಾಮಾನ್ಯವಾಗಿ ಕಾಯಿಲೆಯೂ ಬರುವುದಿಲ್ಲ. ರಕ್ತದಲ್ಲಿ ಪ್ರತಿಕಾಯ, ಅಂದರೆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್, ಮಾತ್ರ ಮೂಡುತ್ತದೆ. ಹಾಲಿಗೆ ಹೆಸರಾದ ಈ ಜಿಲ್ಲೆಗೆ ಕರುವೇ ಸರಿ.

ಎಂಥ ಕರು? ಹಳೆಯ ಹಸು ಬೇಡ, ಹಿಂದಿನ ವರ್ಷಗಳ ಪ್ರತಿಕಾಯ ಅದರಲ್ಲಿರಬಹುದು. ತೀರಾ ಎಳಗರುವೂ ಬೇಡ, ಗಿಣ್ಣುಹಾಲಿನಿಂದ ಬಂದ ತಾಯಿಯ ಪ್ರತಿಕಾಯ ದಾರಿ ತಪ್ಪಿಸುತ್ತದೆ. ದೀಪಾವಳಿಯ ನಂತರ ಹುಟ್ಟಿ, ಇನ್ನೂ ಒಂದು ಮಳೆಗಾಲವನ್ನೂ ಕಾಣದ ಕರುವನ್ನು ಕೆರೆ, ಗದ್ದೆ ಅಥವಾ ಹಂದಿ ಸಾಕಣೆಗೆ ಹತ್ತಿರದ ಕೊಟ್ಟಿಗೆಯಿಂದ ಆರಿಸಬೇಕು. ಕರುವಿನ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಸೀಸನ್ ಮುಗಿಯುವವರೆಗೆ ಕರುವನ್ನು ಸಂತೆಗೆ ಒಯ್ಯುವುದಿಲ್ಲವೆಂದು ಮಾಲೀಕರಿಂದ ಮಾತು ಪಡೆಯಿರಿ; ಯೋಜನೆ ಕೆಡುವುದು ಹೆಚ್ಚಾಗಿ ಇಲ್ಲೇ.

ಮಳೆಗೆ ಮುನ್ನ ಪಶುವೈದ್ಯರಿಂದ ಮೊದಲ ರಕ್ತ ತೆಗೆಸಬೇಕು. ಇದರಲ್ಲಿ ಪ್ರತಿಕಾಯ ಇಲ್ಲವೆಂದು ಖಚಿತವಾದರೆ ಮಾತ್ರ ಆ ಕರು ಸಾಕ್ಷಿ. ಇದ್ದರೆ ಬೇರೆ ಕರು ನೋಡಿ. ಬಳಿಕ ಎರಡು ವಾರಕ್ಕೊಮ್ಮೆ ಅದೇ ಕರುವಿನ ರಕ್ತ. ಅದು ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು (ಸೀರಂ) ಬೇರ್ಪಡಿಸಿ, ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. ಸಂಜೆ ಕೊಟ್ಟಿಗೆಗೆ ಬೇವಿನ ಸೊಪ್ಪಿನ ಹೊಗೆ ಹಾಕುವ ಅಜ್ಜಿ ಮನೆಯಲ್ಲಿದ್ದರೆ ಅದನ್ನೂ ದಾಖಲಿಸಿ. ಸೊಳ್ಳೆಯೇ ಕಚ್ಚದ ಕರು ಏನನ್ನೂ ಹೇಳಲಾರದು.

ಒಂದು ಸಲ ಇಲ್ಲದ ಪ್ರತಿಕಾಯ ಮುಂದಿನ ಸಲ ಕಂಡರೆ ಸೋಂಕು ತಗುಲಿದ ಅವಧಿಯನ್ನು ಅಂದಾಜಿಸಬಹುದು. ಇದೇ ಗುಂಪಿನ ವೆಸ್ಟ್ ನೈಲ್ ವೈರಸ್ಸಿನ ಪ್ರತಿಕಾಯವೂ ಎಲೈಸಾದಲ್ಲಿ (ಪ್ರತಿಕಾಯ ಪತ್ತೆಹಚ್ಚುವ ಪರೀಕ್ಷೆ) ಹೀಗೆಯೇ ಕಾಣಿಸಬಹುದಾದ್ದರಿಂದ, ಆ ಪ್ರತಿಕಾಯ ಯಾವ ವೈರಸ್ಸನ್ನು ತಡೆಯುತ್ತದೆಂದು ನೋಡುವ ನ್ಯೂಟ್ರಲೈಸೇಶನ್ ಪರೀಕ್ಷೆಯಿಂದ ಖಾತ್ರಿ ಮಾಡಿಸಬೇಕು. ಆದರೆ ಅದರ ವರದಿಗಾಗಿ ಕೈಕಟ್ಟಿ ಕೂರಬೇಡಿ: ಪ್ರತಿಕಾಯ ಕಂಡ ದಿನವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಊರಿನ ಮಕ್ಕಳ ತಾಯಿ ಕಾರ್ಡುಗಳಲ್ಲಿ 9ನೇ ತಿಂಗಳ ಮತ್ತು 16ರಿಂದ 24ನೇ ತಿಂಗಳ ಜೆಇ ಲಸಿಕೆಯ ಸಾಲು ಯಾರದು ಖಾಲಿ ಇದೆಯೆಂದು ಆಶಾ ಕಾರ್ಯಕರ್ತೆಯೊಂದಿಗೆ ಮನೆಮನೆಗೆ ಹೋಗಿ ನೋಡಿ.