ರಾರೋಟೊಂಗಾ ನೋಡಿದ ಬಗೆ

ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹೊರಟ ನಾನು, ಸುಮಾರು ನಾಲ್ಕು ಗಂಟೆ ಹಾರಿ ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ರಾರೋಟೊಂಗಾದಲ್ಲಿ ಇಳಿದಾಗ ಅಲ್ಲಿ ಶುಕ್ರವಾರ ಮಧ್ಯಾಹ್ನವಾಗಿತ್ತು. ಪೂರ್ವಕ್ಕೆ ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ ಹೋಗುವ ಅಂತರರಾಷ್ಟ್ರೀಯ ದಿನರೇಖೆ ನಡುವೆ ಇರುವುದು ಗೊತ್ತಿದ್ದೂ ಕೋಣೆಯನ್ನು ಶನಿವಾರದಿಂದ ಕಾದಿರಿಸಿದ್ದೆ. ತಪ್ಪು ಪೂರ್ತಿ ನನ್ನದೇ. ಅದೃಷ್ಟಕ್ಕೆ ಆ ರಾತ್ರಿ ಕೋಣೆ ಖಾಲಿಯಿತ್ತು.

ದ್ವೀಪವನ್ನು ಸುತ್ತುವ ಕರಾವಳಿ ರಸ್ತೆಯ ಉದ್ದ 32 ಕಿಲೋಮೀಟರ್. ಅದರ ಮೇಲೆ ಒಂದು ಬಸ್ಸು ಪ್ರದಕ್ಷಿಣವಾಗಿಯೂ ಇನ್ನೊಂದು ಅಪ್ರದಕ್ಷಿಣವಾಗಿಯೂ ಓಡುತ್ತವೆ. ಮೊದಲ ದಿನ ಎಲ್ಲಿಯೂ ಇಳಿಯದೆ ಒಂದು ಸುತ್ತು ಕುಳಿತುಬಂದದ್ದು ನಾನು ಮಾಡಿದ ಒಳ್ಳೆಯ ಕೆಲಸ. ಹವಳದ ದಂಡೆ ತೀರಕ್ಕೆ ಎಲ್ಲಿ ಹತ್ತಿರವಿದೆ, ಎಲ್ಲಿ ದೂರ ಸರಿದು ಲಗೂನಿಗೆ, ಅಂದರೆ ದಂಡೆಯ ಒಳಗಿನ ತಿಳಿನೀರಿಗೆ, ಜಾಗ ಬಿಟ್ಟಿದೆ, ಯಾವ ಕಣಿವೆಯ ನೆತ್ತಿಯಲ್ಲಿ ಮೋಡ ಕೂತಿದೆ ಎಂಬುದೆಲ್ಲ ಕಿಟಕಿಯಿಂದಲೇ ತಿಳಿಯಿತು. ಮುಂದಿನ ದಿನಗಳ ಯೋಜನೆ ಹಾಕಿದ್ದು ಆ ನಂತರವೇ.

ಬೆಟ್ಟಕ್ಕೆ ಮೋಡವಿಲ್ಲದ ಬೆಳಿಗ್ಗೆಯನ್ನು ಆರಿಸಿಕೊಂಡೆ. ಉತ್ತರದ ಅವಾತಿಯು ಕಣಿವೆಯಿಂದ ಹೊರಟು ದ್ವೀಪವನ್ನು ಅಡ್ಡಲಾಗಿ ದಾಟುವ ಕಾಲುದಾರಿ, 413 ಮೀಟರ್ ಎತ್ತರದ ತೆ ರುವಾ ಮಂಗಾ ಎಂಬ ಸೂಜಿಯಂಥ ಬಂಡೆಯ ಬುಡವನ್ನು ಹಾದು ದಕ್ಷಿಣ ತೀರಕ್ಕೆ ಇಳಿಯುತ್ತದೆ. ರಾರೋಟೊಂಗಾ ಸತ್ತ ಜ್ವಾಲಾಮುಖಿಯ ಶಿಖರವಾದ್ದರಿಂದ, ಕೋಟ್ಯಂತರ ಮಳೆಗಳು ಕೊರೆದ ಇಳಿಜಾರುಗಳು ಚೂಪಾಗಿಯೂ ಕಡಿದಾಗಿಯೂ ಇವೆ. ಏರುವಾಗ ಮೆಟ್ಟಿಲಿನ ಕೆಲಸ ಮಾಡುವುದು ಮರಗಳ ಬೇರುಗಳೇ; ಒಣಗಿದ್ದರೆ ಅವು ಹಿಡಿಕೆ, ನೆನೆದಿದ್ದರೆ ಜಾರುಬಂಡೆ. ಮಲೆನಾಡಿನಲ್ಲಿ ಬೆಳೆದ ನನಗೆ ಕಾಲು ಅಭ್ಯಾಸವಾಗಿದ್ದರೂ ಇಳಿಯುವಾಗ ಎರಡು ಸಲ ಕುಂಡೆ ಊರಿದೆ. ಹಾವಿನ ಭಯ ಅಲ್ಲಿಲ್ಲ, ಜಿಗಣೆಯೂ ಕಣ್ಣಿಗೆ ಬೀಳಲಿಲ್ಲ. ಸೊಳ್ಳೆ ಮಾತ್ರ ಎರಡರ ಲೆಕ್ಕವನ್ನೂ ತೀರಿಸಿತು. ಹೊಳೆಯನ್ನು ಹಲವು ಸಲ ದಾಟಿ ಪಾಪುವಾ ಜಲಪಾತ ತಲುಪುವಾಗ ನಾಲ್ಕು ಗಂಟೆ ಕಳೆದಿತ್ತು. ಒಣಗಾಲವಾದ್ದರಿಂದ ಧಾರೆ ಸಣ್ಣದಾಗಿತ್ತು, ಜೋಗದ ಕಣ್ಣಿನಿಂದ ನೋಡಿದರೆ ಅದು ಜಲಪಾತವೇ ಅಲ್ಲ. ಆದರೆ ಬೆವತ ಮೈಗೆ ಅದರ ಕೆಳಗಿನ ಗುಂಡಿಯ ತಣ್ಣೀರು ಸಾಕಾಗಿತ್ತು.

ನೀರಿನ ವಿಷಯದಲ್ಲಿ ಮಾತ್ರ ನಾನು ಆತುರಪಡಲಿಲ್ಲ. ಹೊರಗಿನ ಅಲೆಗಳು ಹವಳದ ದಂಡೆಯನ್ನು ದಾಟಿ ಲಗೂನಿಗೆ ನೀರನ್ನು ತುಂಬುತ್ತಲೇ ಇರುತ್ತವೆ. ತುಂಬಿದ ನೀರು ದಂಡೆಯ ಕಂಡಿಗಳ ಮೂಲಕವೇ ಸಮುದ್ರಕ್ಕೆ ಮರಳಬೇಕಾದ್ದರಿಂದ, ಮೇಲಿನಿಂದ ಶಾಂತವಾಗಿ ಕಾಣುವ ಆ ಜಾಗಗಳಲ್ಲಿ ಸೆಳೆತ ಬಲವಾಗಿರುತ್ತದೆ. ದಕ್ಷಿಣ ತೀರದ ಅವಾವಾರೋವಾ, ರುಟಾಕಿ ಕಂಡಿಗಳ ಹತ್ತಿರ ನಾನು ಇಳಿಯಲೇ ಇಲ್ಲ. ಬೇರೆಡೆ ಇಳಿಯುವ ಮುನ್ನ ತೇಲುವ ಎಲೆಯೊಂದನ್ನು ಬಿಟ್ಟು, ಅದು ಎತ್ತ, ಎಷ್ಟು ವೇಗವಾಗಿ ಸಾಗುತ್ತದೆಂದು ನೋಡುತ್ತಿದ್ದೆ. ನಾಲ್ಕು ಪುಟ್ಟ ದ್ವೀಪಗಳ ಮರೆಯಲ್ಲಿರುವ ಮುರಿ ಲಗೂನಿನಲ್ಲಿ ಮೊಣಕಾಲಿನಿಂದ ಎದೆಯವರೆಗಿನ ನೀರೇ ಹೆಚ್ಚು. ನೀರೊಳಗೆ ನೋಡುವ ಮುಖವಾಡ ತೊಟ್ಟು ಅರ್ಧ ದಿನ ಅಲ್ಲೇ ಕಳೆದೆ. ಹವಳದ ಮೇಲೆ ಕಾಲಿಡಬಾರದು, ಅದು ಜೀವಂತ.

ಶನಿವಾರದ ಪುನಂಗಾ ನುಯಿ ಸಂತೆಯಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ ಸಿಕ್ಕಿತು. ಅವರು ಅದಕ್ಕೆ ರುಕೌ ಎನ್ನುತ್ತಾರೆ. ಪತ್ರೊಡೆ ತಿಂದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ.

ಕೊನೆಯ ದಿನ ಮಾರ್ಗದರ್ಶಿಯೊಂದಿಗೆ ತಕಿತುಮು ಸಂರಕ್ಷಿತ ಕಾಡಿಗೆ ಹೋದೆ. ಬೇರೆಲ್ಲೂ ಸಹಜವಾಗಿ ಇಲ್ಲದ ಕಾಕೆರೋರಿ ಹಕ್ಕಿಗಳ ಮೊಟ್ಟೆಮರಿಗಳನ್ನು ಇಲಿಗಳು ತಿಂದು, 1989ರ ಹೊತ್ತಿಗೆ ಅವು 29ಕ್ಕೆ ಇಳಿದಿದ್ದವು. ಇಲಿಗಳಿಗೆ ವಿಷವಿಟ್ಟು, ಗೂಡಿರುವ ಮರಗಳ ಕಾಂಡಕ್ಕೆ ತಗಡು ಸುತ್ತಿ ಅವನ್ನು ಉಳಿಸಿಕೊಳ್ಳಲಾಯಿತು, ಈಗ ನೂರಾರಿವೆ. ಎಳೆಯವು ಕಿತ್ತಳೆ ಬಣ್ಣದವು, ವಯಸ್ಸಾದಂತೆ ಬೂದಾಗುತ್ತವೆ. ಮುಕ್ಕಾಲು ಗಂಟೆ ಸುಮ್ಮನೆ ನಿಂತ ಮೇಲೆ ಒಂದು ಕಿತ್ತಳೆ ಹಕ್ಕಿ ಎರಡು ಮಾರು ದೂರದ ಕೊಂಬೆಗೆ ಬಂದು ಕೂತಿತು. ಕ್ಯಾಮೆರಾ ಚೀಲದಲ್ಲೇ ಇತ್ತು.