ಸಾಲ ವಸೂಲಿ ದಾವೆಯ ಸಮನ್ಸ್ ಬಂದಾಗ ಮಾಡಬೇಕಾದುದು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಸಹಕಾರ ಸಂಘದ ಸಾಲ, ಮಂಡಿಯ ಮುಂಗಡ, ಪ್ರೋನೋಟಿನ ಮೇಲಿನ ಕೈಸಾಲ ಇವೆಲ್ಲ ಒಟ್ಟೊಟ್ಟಿಗೇ ಇರುವುದುಂಟು. ಕೊಳೆರೋಗ ಫಸಲನ್ನು ತಿಂದ ವರ್ಷ ಕಂತು ನಿಲ್ಲುತ್ತದೆ. ಮುಂದೊಂದು ದಿನ ನ್ಯಾಯಾಲಯದ ಅಮೀನರು ಸಮನ್ಸ್ ಹಿಡಿದು ಬರುತ್ತಾರೆ. ಮರ್ಯಾದೆಗೆ ಅಂಜಿ ಅದನ್ನು ತೆಗೆದುಕೊಳ್ಳದೆ ಕಳುಹಿಸುವವರಿದ್ದಾರೆ. ಇದರಿಂದ ದಾವೆ ನಿಲ್ಲುವುದಿಲ್ಲ. ನಿರಾಕರಿಸಿದ ಸಮನ್ಸನ್ನು ಬಾಗಿಲಿಗೆ ಅಂಟಿಸಿ ಜಾರಿಯಾಯಿತೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ; ಪ್ರತಿವಾದಿ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ, ಅಂದರೆ ಅವನ ವಾದ ಕೇಳದೆಯೇ ಹಣ ಕೊಡಬೇಕೆಂಬ ನ್ಯಾಯಾಲಯದ ಆದೇಶ, ಆಗುತ್ತದೆ. ಆದ್ದರಿಂದ ಸಮನ್ಸನ್ನು ಸ್ವೀಕರಿಸಿ, ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ, ಜೊತೆಗೆ ದಾವಾ ಪತ್ರದ ಪ್ರತಿ ಇದೆಯೇ ಎಂದು ನೋಡಿ.

ಮೊದಲು ತಿಳಿಯಬೇಕಾದುದು ದಾವೆಯ ಬಗೆ. ಸಾಮಾನ್ಯ ಹಣ ವಸೂಲಿ ದಾವೆಯಾದರೆ ಸಮನ್ಸ್ ಜಾರಿಯಾದ 30 ದಿನಗಳೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಬರಹದ ಉತ್ತರ, ಸಲ್ಲಿಸಬೇಕು. ಸಕಾರಣವಿದ್ದರೆ ನ್ಯಾಯಾಲಯವು ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಹೂಡಿದ ಸಂಕ್ಷಿಪ್ತ ದಾವೆಯಾದರೆ 10 ದಿನಗಳೊಳಗೆ ಹಾಜರಾತಿ ದಾಖಲಿಸಬೇಕು. ಅನಂತರ ವಾದಿಯು ತೀರ್ಪಿಗಾಗಿ ಮತ್ತೊಂದು ಸಮನ್ಸ್ ಜಾರಿ ಮಾಡಿದಾಗ, ಪ್ರತಿರಕ್ಷಣೆಗೆ ಅನುಮತಿ ಕೋರಿ ಪುನಃ 10 ದಿನಗಳೊಳಗೆ ಅರ್ಜಿ ಹಾಕಬೇಕು. ಚೆಕ್ ಅಮಾನ್ಯವಾದುದಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮದ 138ನೇ ಕಲಮಿನಡಿ ಬಂದ ಸಮನ್ಸ್ ಇದಾವುದೂ ಅಲ್ಲ. ಅದು ಕ್ರಿಮಿನಲ್ ಪ್ರಕರಣ. ಹಾಜರಾಗದಿದ್ದರೆ ವಾರಂಟ್ ಹೊರಡಬಹುದು.

ಇನ್ನು ಕಾಲಮಿತಿ. ಸಾಲಗಾರನ ಕೈಯಲ್ಲಿರುವ ಅತ್ಯಂತ ಬಲವಾದ ಅಂಶ ಇದೇ ಎಂದು ನಾನು ಭಾವಿಸುತ್ತೇನೆ, ಅರಿವಿಲ್ಲದೆ ಕಳೆದುಕೊಳ್ಳುವುದೂ ಇದನ್ನೇ. 1963ರ ಕಾಲಮಿತಿ ಅಧಿನಿಯಮದ ಪ್ರಕಾರ ಕೈಸಾಲದ ವಸೂಲಿಗೆ 3 ವರ್ಷಗಳೊಳಗೆ ದಾವೆ ಹೂಡಬೇಕು. ಕೇಳಿದಾಗ ಕೊಡುತ್ತೇನೆಂದು ಬರೆದ ಪ್ರೋನೋಟಿನಲ್ಲಿ ಈ ಅವಧಿಯು ಹಣ ಕೇಳಿದ ದಿನದಿಂದಲ್ಲ, ಪ್ರೋನೋಟಿನ ದಿನಾಂಕದಿಂದಲೇ ಆರಂಭವಾಗುತ್ತದೆ. ಜಮೀನು ಅಡಮಾನ ಮಾಡಿದ್ದರೆ ಆ ಆಸ್ತಿಯಿಂದ ವಸೂಲು ಮಾಡಲು 12 ವರ್ಷಗಳ ಅವಧಿಯಿದೆ. ಆದರೆ ಅವಧಿ ಮುಗಿಯುವ ಮೊದಲು ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದನ್ನು ತನ್ನ ಕೈಬರಹದಲ್ಲಿ ಇಲ್ಲವೇ ಸಹಿಯೊಂದಿಗೆ ನಮೂದಿಸಿದರೆ, ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅವಧಿ ಮುಗಿದ ಸಾಲಕ್ಕೂ ಲಿಖಿತ ವಾಗ್ದಾನ ಕೊಟ್ಟು ಸಹಿ ಹಾಕಿದರೆ ಆ ವಾಗ್ದಾನವೇ ಹೊಸ ಕರಾರಾಗುತ್ತದೆ. ಆದಕಾರಣ, 'ಹಳೆಯ ಪ್ರೋನೋಟು ಹಾಳಾಗಿದೆ, ಹೊಸದಕ್ಕೆ ಒಂದು ಸಹಿ ಹಾಕಿ' ಎಂದು ಯಾರಾದರೂ ಕೇಳಿದರೆ, ಎಷ್ಟೇ ಪರಿಚಿತರಾಗಿದ್ದರೂ, ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಲಿಖಿತ ಹೇಳಿಕೆಯಲ್ಲಿ 'ದಾವೆ ಸುಳ್ಳು' ಎಂದಷ್ಟೇ ಬರೆದರೆ ಸಾಲದು. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆ ಎಣಿಸುವುದರಿಂದ, ದಾವಾ ಪತ್ರದ ಒಂದೊಂದು ಕಂಡಿಕೆಗೂ ಬೇರೆಬೇರೆಯಾಗಿ ಉತ್ತರಿಸಬೇಕು: ಅಸಲು ಎಷ್ಟು, ಬಡ್ಡಿಯ ದರ ಯಾವ ಬರಹದಲ್ಲಿದೆ, ಅಡಿಕೆ ಮಾರಿದ ಹಣದಲ್ಲಿ ಮಂಡಿಯವರು ಮುರಿದುಕೊಂಡ ಮೊತ್ತ ಖಾತೆಗೆ ಜಮೆಯಾಗಿದೆಯೇ ಇಲ್ಲವೇ. ರಸೀದಿ, ಪಾಸ್‌ಬುಕ್, ಮಂಡಿಯ ಪಟ್ಟಿ, ಫೋನಿನಿಂದ ಕಳುಹಿಸಿದ ಹಣದ ದಾಖಲೆ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ವಕೀಲರಿಗೆ ಕೊಡಿ. ವಾದಿಯು ಬಡ್ಡಿ ವ್ಯವಹಾರವನ್ನೇ ಕಸುಬಾಗಿ ಮಾಡುವವನಾಗಿದ್ದರೆ, ಸಾಲ ಕೊಟ್ಟ ದಿನ ಅವನಿಗೆ 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮದಡಿ ಪರವಾನಗಿ ಇತ್ತೇ ಎಂಬ ಪ್ರಶ್ನೆಯನ್ನು ಎತ್ತಲೇಬೇಕು. ಬ್ಯಾಂಕು, ಸಹಕಾರ ಸಂಘಗಳಿಗೆ ಈ ಪ್ರಶ್ನೆ ಅನ್ವಯಿಸದು. ಸಹಿ ನಿಮ್ಮದೇ ಆಗಿದ್ದರೆ ಅದನ್ನು ಮಾತ್ರ ಅಲ್ಲಗಳೆಯಬೇಡಿ. ಒಂದು ಸುಳ್ಳು ಬಯಲಾದರೆ ಉಳಿದ ನಿಜವಾದ ತಕರಾರುಗಳನ್ನೂ ನ್ಯಾಯಾಧೀಶರು ಸಂಶಯದಿಂದಲೇ ನೋಡುತ್ತಾರೆ.

ವಸೂಲಿಗಾರರು ಮನೆಗೆ ಬಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು, ಕೊಡಬೇಕು. ಆದರೆ ಆ ದೂರು ದಾವೆಗೆ ಉತ್ತರವಾಗುವುದಿಲ್ಲ.

ವಕೀಲರ ಶುಲ್ಕಕ್ಕೆ ಹಣವಿಲ್ಲದವರು ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ತಾಲ್ಲೂಕುಗಳಲ್ಲಿ ನ್ಯಾಯಾಲಯದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.

ಏಕಪಕ್ಷೀಯ ಡಿಕ್ರಿ ಈಗಾಗಲೇ ಆಗಿದ್ದರೆ, ಅದನ್ನು ರದ್ದುಪಡಿಸುವಂತೆ ಡಿಕ್ರಿಯ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಈ ಅವಧಿ ಎಣಿಕೆಯಾಗುತ್ತದೆ. ಜಪ್ತಿಗೂ ಮಿತಿಯಿದೆ: ಕೃಷಿಕನ ಬೇಸಾಯದ ಉಪಕರಣಗಳು ಮತ್ತು ಅವನು ವಾಸಿಸುವ ಮನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ರಕ್ಷಣೆ ಕೊಡುತ್ತದೆ, ಆದರೆ ಅಡಮಾನ ಮಾಡಿದ ಆಸ್ತಿಗೆ ಆ ರಕ್ಷಣೆಯನ್ನು ನಂಬುವಂತಿಲ್ಲ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ.

ರಾಜಿಗೆ ಲೋಕ ಅದಾಲತ್ ಒಳ್ಳೆಯ ಜಾಗ, ಆದರೆ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲವಾದ್ದರಿಂದ ಕಟ್ಟಲು ಸಾಧ್ಯವಿರುವ ಕಂತನ್ನಷ್ಟೇ ಒಪ್ಪಿಕೊಳ್ಳಿ. ಡಿಕ್ರಿಯಾದ ಮೇಲೆ ನ್ಯಾಯಾಲಯದ ಹೊರಗೆ ಹಣ ಕೊಟ್ಟರೆ ರಸೀದಿ ಪಡೆದು, 30 ದಿನಗಳೊಳಗೆ ಅದನ್ನು ನ್ಯಾಯಾಲಯದಲ್ಲಿ ದಾಖಲಿಸುವಂತೆ ಅರ್ಜಿ ಹಾಕಿ. ಹಾಗೆ ದಾಖಲಾಗದ ಪಾವತಿಯನ್ನು ಡಿಕ್ರಿ ಅಮಲು ಮಾಡುವ ನ್ಯಾಯಾಲಯವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.