ಗುಜರಿಗೆ ಹೊರಟಿದ್ದ 16ರಲ್ಲಿ 11 ಸಿಸ್ಟಮ್ ಎಬ್ಬಿಸಿದ್ದು

ಒಂದು ಶಾಲೆಯ ಕಂಪ್ಯೂಟರ್ ಲ್ಯಾಬಿನವರು 16 ಹಳೇ ಸಿಸ್ಟಮ್ ಗುಜರಿಗೆ ಹಾಕೋಕೆ ಹೊರಟಿದ್ರು. ಎಲ್ಲದರಲ್ಲೂ ಹಳೇ ಕಾಲದ ಕೋರ್ 2 ಡ್ಯುಯೋ ಪ್ರೊಸೆಸರ್, ಡಿಡಿಆರ್2 ಮೆಮೊರಿ. ರಿಪೇರಿ ಮಾಡಿಕೊಡ್ತೀನಿ ಅಂತ ಹೊತ್ತು ತಂದೆ. ಅಣ್ಣ ನೋಡಿದವನೇ, "ಲೇ, ಹೆಣಕ್ಕೆ ಯಾಕೋ ದುಡ್ಡು ಸುರೀತೀಯಾ?" ಅಂದ. ಇದೇ ರಿಪೇರಿ ಲೈನಿನಲ್ಲಿರೋ ಗೆಳೆಯರದ್ದೂ ಅದೇ ಮಾತು. ಎರಡು ವರ್ಷ ಆಯ್ತು, 11 ಸಿಸ್ಟಮ್ ದಿನಾ ಓಡ್ತಿವೆ.

ಹೆಚ್ಚಿನವುಗಳ ರೋಗ ಒಂದೇ: ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳು (ಕರೆಂಟಿನ ಏರಿಳಿತ ಸಮ ಮಾಡೋ ಪುಟ್ಟ ಡಬ್ಬಿಗಳು) ಉಬ್ಬಿ, ತಲೆ ಸೀಳಿ ಕಂದು ಹೊಪ್ಪಳೆ ಕಟ್ಟಿತ್ತು. ಮೊದಲ ಸಲ ಇಲ್ಲೇ ಸಿಕ್ಕ ಐದು ರೂಪಾಯಿಯ ಮಾಮೂಲಿ 1000 ಮೈಕ್ರೋಫ್ಯಾರಡ್ ಹಾಕಿದೆ. ನಾಲ್ಕು ಸಿಸ್ಟಮ್ ಕೊಟ್ಟೂ ಬಂದೆ. ಮಾರ್ಚ್ ಬಿಸಿಲಿಗೆ ಮೂರು ವಾಪಸ್ ಬಂದವು, ಹೊಸ ಕೆಪಾಸಿಟರ್‌ಗಳೇ ಉಬ್ಬಿದ್ದವು. ಬೆಲೆ ನೋಡಿದ್ದೆ, ಇಎಸ್ಆರ್ (ಕೆಪಾಸಿಟರ್ ಒಳಗಿನ ರೆಸಿಸ್ಟೆನ್ಸ್, ಜಾಸ್ತಿ ಇದ್ರೆ ಅದು ಬಿಸಿಯಾಗುತ್ತೆ) ನೋಡಿರಲಿಲ್ಲ. ಅದಕ್ಕಿಂತ ನೋವಾಗಿದ್ದು ಬೇರೆ. ಬೆಸುಗೆ ಹಾಕೋ 25 ವ್ಯಾಟ್ ಐರನ್ನಿಗೆ ಕೆಪಾಸಿಟರ್‌ನ ಗ್ರೌಂಡ್ ಕಾಲು ಬಿಸಿಯೇ ಆಗಲಿಲ್ಲ, ಜೋರಾಗಿ ಎಳೆದೆ. ತೂತಿನೊಳಗಿನ ತಾಮ್ರ ಬಳೆಯ ಹಾಗೆ ಕಾಲಿಗೆ ಸಿಕ್ಕಿಕೊಂಡೇ ಈಚೆ ಬಂತು. ಹಾಗೆ ಎರಡು ಬೋರ್ಡ್ ಕಳೆದುಕೊಂಡೆ.

ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ 105 ಡಿಗ್ರಿ ಬಿಸಿ ತಡೆಯೋ ಲೋ ಇಎಸ್ಆರ್ ಕೆಪಾಸಿಟರ್ ತಂದೆ, ಒಂದಕ್ಕೆ 15 ರೂಪಾಯಿ ಇರಬೇಕು. 60 ವ್ಯಾಟ್ ಐರನ್ ಹಿಡಿದೆ. ಹಳೇ ಬೆಸುಗೆ ಮೇಲೆ ಮೊದಲು ಹೊಸ ಸೀಸದ ಬೆಸುಗೆ ಕರಗಿಸಿದರೆ ಕಾಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತೆ. ತೂತಿನ ಸುತ್ತಲಿನ ತಾಮ್ರಕ್ಕೆ ಏಟಾಗದಂತೆ ಒಳಗಿನ ಹಳೇ ಬೆಸುಗೆ ಬಿಡಿಸೋಕೆ ನನ್ನದೊಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಸತ್ತ ಗ್ರಾಫಿಕ್ಸ್ ಕಾರ್ಡಿನಿಂದ 560 ಮೈಕ್ರೋಫ್ಯಾರಡ್ ಪಾಲಿಮರ್ ಕೆಪಾಸಿಟರ್ ಕಿತ್ತು, ವೋಲ್ಟೇಜ್ ನೋಡಿಕೊಂಡು ಬೇರೆ ಎರಡು ಬೋರ್ಡಿನಲ್ಲಿ 1000ದ ಜಾಗಕ್ಕೆ ಕೂರಿಸಿದೆ. ಇಎಸ್ಆರ್ ತುಂಬಾ ಕಮ್ಮಿ ಇರೋದರಿಂದ ಆ ಜಾಗಕ್ಕೆ ಅಷ್ಟೇ ಸಾಕಾಯ್ತು. ಆ ಎರಡು ಬೋರ್ಡ್ ಇವತ್ತಿಗೂ ಒಂದು ದಿನವೂ ಹ್ಯಾಂಗ್ ಆಗಿಲ್ಲ.

ಆಗಿನ ಖರ್ಚು, ನೆನಪಿದ್ದಷ್ಟು: ಕೆಪಾಸಿಟರ್ 140, ಸಿಮಾಸ್ ಸೆಲ್ (ಬೋರ್ಡಿನ ಗಡಿಯಾರದ್ದು) 25, 120 ಜಿಬಿ ಎಸ್ಎಸ್‌ಡಿ 950, ಸೆಕೆಂಡ್ಸ್ ರ್‍ಯಾಮ್ 500. ಪ್ರೊಸೆಸರ್ ಮೇಲೆ ಹಚ್ಚೋ ಪೇಸ್ಟೂ ಸೇರಿ ಒಂದು ಸಿಸ್ಟಮ್‌ಗೆ 1,650ರ ಆಸುಪಾಸು. ನಾನು ತಗೊಂಡಿದ್ದು 2,800. ಹಗುರವಾದ, ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿದೆ. ಮೂರು ನಿಮಿಷ ಕಾಯಿಸ್ತಿದ್ದ ಡೆಸ್ಕ್‌ಟಾಪ್ ಈಗ ಸುಮಾರು 40 ಸೆಕೆಂಡಿಗೆ ಬರುತ್ತೆ, ಮಕ್ಕಳು ಕನ್ನಡದಲ್ಲೇ ಟೈಪ್ ಮಾಡ್ತಾರೆ.

ಬೋರ್ಡ್ ಹಾಳಾದ ಎರಡು ಬಿಟ್ಟು ಉಳಿದ ಮೂರರಲ್ಲಿ ಎರಡು ಬಿಡಿಭಾಗಕ್ಕೆ ಹೋದವು. ಆನ್ ಮಾಡಿದ್ರೆ ಬೀಪೇ ಕೊಡದ ಒಂದು ಬೋರ್ಡ್ ಇನ್ನೂ ಮೇಜಿನ ಮೇಲಿದೆ. ಈ ಭಾನುವಾರ ಅದರ ಮಾಸ್ಫೆಟ್ (ಕರೆಂಟನ್ನ ಸ್ವಿಚ್ ಮಾಡೋ ಬಿಡಿಭಾಗ) ಬದಲಾಯಿಸಿ ನೋಡ್ತೀನಿ.